8088 ಚಿಪ್: ಹಳೆಯದೋ, ತಿದ್ದಿದ್ದೋ?

ಪ್ರಶ್ನೆ: ಹಳೇ ಪಿಸಿಯಲ್ಲಿರುವ ಇಂಟೆಲ್ 8088 ಪ್ರೊಸೆಸರ್ ದೋಷವಿದ್ದ ಮೊದಲ ಆವೃತ್ತಿಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಬೀದರ್

ಉತ್ತರ: ಚಿಪ್ ಮೇಲೆ ಇಂಟೆಲ್ ಹೆಸರಿನ ಜತೆ '78 ಮಾತ್ರ ಇದ್ದರೆ ಹಳೆಯದು, '78 '81 ಎರಡೂ ಇದ್ದರೆ ತಿದ್ದಿದ್ದು. ಆದರೆ ಅಕ್ಷರ ಅಳಿಸಿ ಮತ್ತೆ ಅಚ್ಚು ಹಾಕಬಹುದು, ಬರಹವನ್ನಷ್ಟೇ ನಂಬಬೇಡಿ. ಡಾಸ್ (ಹಳೇ ಪಿಸಿಗಳ ಕಾರ್ಯಾಚರಣಾ ವ್ಯವಸ್ಥೆ) ಜತೆ ಬರುವ ಡೀಬಗ್ ಪ್ರೋಗ್ರಾಂ ತೆರೆದು 'ಎ 100' ಕೊಟ್ಟು ಮೂರು ಸಾಲು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ: 'ಎಂಒವಿ ಇಎಸ್,ಎಎಕ್ಸ್', 'ಐಎನ್‌ಸಿ ಎಎಕ್ಸ್', 'ಎನ್‌ಒಪಿ'. ಖಾಲಿ ಎಂಟರ್ ಒತ್ತಿ, ಒಂದೇ ಸಲ 'ಟಿ' ಕೊಡಿ. ತೆರೆಯಲ್ಲಿ ಎಎಕ್ಸ್ (ಚಿಪ್ ಒಳಗಿನ ಒಂದು ರಿಜಿಸ್ಟರ್, ಅಂದರೆ ಸಂಖ್ಯೆ ಇಡುವ ಪುಟ್ಟ ಜಾಗ) 0001 ಆದರೆ ಚಿಪ್ ಸರಿ. 0000 ಉಳಿದರೆ ಬದಲಿಸಿ.

ಕಾರಣ: ಸೆಗ್ಮೆಂಟ್ ರಿಜಿಸ್ಟರ್ (ಮೆಮೊರಿಯ ಯಾವ ಭಾಗ ಎಂದು ಹೇಳುವಂಥದ್ದು) ತುಂಬಿದ ಮೇಲೆ ಮುಂದಿನ ಒಂದು ಸೂಚನೆ ಮುಗಿಯುವವರೆಗೆ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಗಮನ ಕೇಳುವ ಸಂಕೇತ) ತಡೆಯಬೇಕು. ಹಳೆಯದು ತಡೆಯುವುದಿಲ್ಲ. ಸ್ಟ್ಯಾಕ್ (ತಾತ್ಕಾಲಿಕ ಮಾಹಿತಿ ಇಡುವ ಮೆಮೊರಿ) ಎಲ್ಲಿದೆ ಎಂದು ಎಸ್‌ಎಸ್, ಎಸ್‌ಪಿ ಎಂಬ ಎರಡು ರಿಜಿಸ್ಟರ್ ಸೇರಿ ಹೇಳುತ್ತವೆ. ಎಸ್‌ಎಸ್ ಬದಲಾಗಿದ್ದು, ಎಸ್‌ಪಿ ಇನ್ನೂ ಬದಲಾಗದ ಆ ಗಳಿಗೆಯಲ್ಲಿ ಇಂಟರಪ್ಟ್ ಬಂದರೆ, ತಪ್ಪು ಜಾಗದ ಮೆಮೊರಿ ಕೆಡುತ್ತದೆ. ಹೀಗಾಗಿಯೇ ಯಂತ್ರ ಯಾವಾಗಲೋ ಒಮ್ಮೆ ನಿಂತುಬಿಡುವುದು.