ಮನೆ ಸಿಗೋವರೆಗೆ ನಾಯಿ ವಿಷಯ ಮುಚ್ಚಿಡಬಹುದೇ?

ಪ್ರಶ್ನೆ: ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕೆಲಸ. ಹತ್ತಿರದಲ್ಲೇ, ಶಾಂತಿನಗರ ಅಥವಾ ರಿಚ್ಮಂಡ್ ಟೌನ್ ಕಡೆ ಬಾಡಿಗೆ ಮನೆ ಹುಡುಕುತ್ತಿದ್ದೇನೆ. ಜತೆಗೆ ಮೂರು ವರ್ಷದ ನಾಟಿ ನಾಯಿ ಇದೆ. ‘ಈಗ ಹೇಳಬೇಡಿ, ಸೇರಿಕೊಂಡ ಮೇಲೆ ನೋಡಿಕೊಳ್ಳೋಣ’ ಅಂತಾರೆ ಬ್ರೋಕರ್. ಹಾಗೆ ಮಾಡಬಹುದೇ? ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ತಕರಾರು ತೆಗೆದರೆ?

ಉತ್ತರ: ಮುಚ್ಚಿಡಬೇಡಿ. ಬ್ರೋಕರ್‌ಗೆ ಕಮಿಷನ್ ಬಂದ ಮೇಲೆ ಸಿಕ್ಕಿಹಾಕಿಕೊಳ್ಳುವವರು ನೀವು, ಜತೆಗೆ ನಿಮ್ಮ ಅಡ್ವಾನ್ಸ್.

ಎಲ್ಲರೂ ಹೆದರುವುದು ಅಸೋಸಿಯೇಷನ್‌ಗೆ. ಆದರೆ ಅದರ ಕೈ ಅಷ್ಟು ಉದ್ದವಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ, ಬಹುಮತದ ನಿರ್ಣಯ ಮಾಡಿದರೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ. ಬೊಗಳುತ್ತದೆ ಅನ್ನೋದು ಹೊರಗೆ ಹಾಕಲು ಕಾರಣವಾಗದು, ಲಿಫ್ಟ್‌ಗೂ ಬೇಡ ಅನ್ನುವಂತಿಲ್ಲ. ಹೊರಗೆ ಕರೆತಂದಾಗ ಬೆಲ್ಟ್ ಹಾಕಿರಿ, ಹೊಲಸು ಎತ್ತಿರಿ ಎಂದು ಕೇಳಬಹುದು. ಆ ಮಾತು ನ್ಯಾಯವಾದದ್ದೇ.

ಓನರ್ ವಿಷಯ ಬೇರೆ. ಹನ್ನೊಂದು ತಿಂಗಳ ಅಗ್ರಿಮೆಂಟ್‌ನಲ್ಲಿ ‘ಸಾಕುಪ್ರಾಣಿ ಇಡುವಂತಿಲ್ಲ’ ಎಂಬ ಒಂದು ಸಾಲಿದ್ದು ನೀವು ಸಹಿ ಹಾಕಿದ್ದರೆ, ಮಾರ್ಗಸೂಚಿ ತೋರಿಸಿ ವಾದಿಸುವುದು ಕಷ್ಟ. ಆದ್ದರಿಂದ ಟೋಕನ್ ಕೊಡುವ ಮೊದಲೇ ಕರಡು ತರಿಸಿ ಓದಿ. ‘ಬಾಡಿಗೆದಾರರ ಒಂದು ನಾಯಿಗೆ ಮಾಲೀಕರ ಒಪ್ಪಿಗೆ ಇದೆ’ ಎಂದು ಬಣ್ಣ, ವಯಸ್ಸಿನ ಸಮೇತ ಬರೆಸಿ. ಬಾಯಿಮಾತಿನ ಒಪ್ಪಿಗೆ ಪಕ್ಕದ ಮನೆಯವರ ಮೊದಲ ದೂರಿನವರೆಗೆ ಮಾತ್ರ.

ಅಡ್ವಾನ್ಸ್‌ನಲ್ಲೂ ಒಂದು ಪೇಚಿದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನಲ್ಲಿ ವಾಡಿಕೆ. ನಾಯಿ ಇದ್ದರೆ ಅದೇ ಗೋಡೆಗೆ ಎರಡನೇ ಸಲ ಹಣ ಕೇಳುತ್ತಾರೆ. ‘ನಾಯಿಯಿಂದಾದ ಹಾನಿಗೆ ಬಿಲ್ ಇದ್ದಷ್ಟು ಮಾತ್ರ, ಪೇಂಟಿಂಗ್‌ಗೆ ಎರಡನೇ ಸಲ ಹಣ ಹಿಡಿಯುವಂತಿಲ್ಲ’ ಎಂದು ಸೇರಿಸಿ. ಕೀ ಸಿಕ್ಕ ದಿನವೇ ವಿಡಿಯೋ ಮಾಡಿ ಓನರ್‌ಗೆ ವಾಟ್ಸಾಪ್ ಮಾಡಿ. ನಾಯಿ ಕೆರೆಯುವುದು ಬಾಗಿಲ ಕೆಳಗಿನ ಒಂದೂವರೆ ಅಡಿ, ಚೌಕಟ್ಟಿನ ಮೂಲೆ, ಸೊಳ್ಳೆ ಪರದೆಯ ತಳ. ಕ್ಯಾಮೆರಾ ಅಲ್ಲಿ ನಿಧಾನವಾಗಿ ಸಾಗಲಿ.

ಹುಡುಕುವಾಗ ದೊಡ್ಡ ಅಪಾರ್ಟ್‌ಮೆಂಟ್ ಬಿಟ್ಟು ಮೂರ್ನಾಲ್ಕು ಮನೆಗಳ ಕಟ್ಟಡಗಳನ್ನು ಮೊದಲು ನೋಡಿ. ಒಪ್ಪಿಸಬೇಕಾದವರು ಒಬ್ಬರೇ. ನಾಯಿಯನ್ನೇ ಕರೆದುಕೊಂಡು ಹೋಗಿ, ರೇಬೀಸ್ ಲಸಿಕೆಯ ಕಾರ್ಡ್ ಮತ್ತು ಪಾಲಿಕೆಯ ಲೈಸೆನ್ಸ್ ಕೈಯಲ್ಲಿರಲಿ. ಹಳೇ ಓನರ್ ಫೋನಿನಲ್ಲಿ ಎರಡು ಒಳ್ಳೆ ಮಾತಾಡಿದರೆ ಅರ್ಧ ಕೆಲಸ ಆದಂತೆ.

ಬೀದಿಯನ್ನು ರಾತ್ರಿ ಹತ್ತರ ಮೇಲೊಮ್ಮೆ ನೋಡಿ. ಗೇಟಿನ ಮುಂದೆಯೇ ಬೀದಿನಾಯಿಗಳ ಗುಂಪು ಮಲಗುತ್ತಿದ್ದರೆ ನಿಮ್ಮ ನಾಟಿಗೆ ದಿನಾ ಕಾದಾಟ. ಲಾಲ್‌ಬಾಗ್ ಹತ್ತಿರ ಅಂತ ಬಾಡಿಗೆ ಜಾಸ್ತಿ ಕೊಡಬೇಡಿ, ಅಲ್ಲಿಗೆ ನಾಯಿ ಬಿಡುವುದಿಲ್ಲ. ಕಬ್ಬನ್ ಪಾರ್ಕ್‌ಗೆ ಕರೆದೊಯ್ಯಬಹುದು.