ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು

ಪ್ರಶ್ನೆ ಕೇಳಿದ ನೀವು ಹೊರದೇಶದಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ ಕಲಿತು ಬೆಳೆದವರಂತೆ. "ತಾಜ್ ಮಹಲು, ಯೋಗ, ರಸ್ತೆಯಲ್ಲಿ ನಿಲ್ಲುವ ಹಸು ಇವೆಲ್ಲ ಗೊತ್ತು. ಇವನ್ನು ಬಿಟ್ಟು, ಭಾರತದ ನಿತ್ಯದ ಬದುಕಿನಲ್ಲಿ ಹೊರಗಿನವರನ್ನು ತಬ್ಬಿಬ್ಬು ಮಾಡುವ ಸಂಗತಿಗಳು ಏನೇನಿವೆ?" ಎಂದು ಕೇಳಿದ್ದೀರಿ.

ತಾಜ್ ಮಹಲನ್ನು ನೀವೇ ಹೊರಗಿಟ್ಟದ್ದು ಒಳ್ಳೆಯದಾಯಿತು. ನಾನು ಮಲೆನಾಡಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನು. ಪಾಠ ಮಾಡುತ್ತ ಮಾಡುತ್ತ ನನಗೆ ಅನ್ನಿಸಿರುವುದು ಇಷ್ಟು: ಈ ದೇಶದಲ್ಲಿ ಪ್ರತಿಯೊಂದಕ್ಕೂ ಸರ್ಕಾರದ ಲೆಕ್ಕ ಒಂದಿರುತ್ತದೆ, ಜನರ ಲೆಕ್ಕ ಇನ್ನೊಂದಿರುತ್ತದೆ. ಎರಡಕ್ಕೂ ತಾಳೆಯಾಗುವುದಿಲ್ಲ, ಆದರೆ ಜಗಳವೂ ಆಗುವುದಿಲ್ಲ. ನಿಮ್ಮಂಥವರು ತಬ್ಬಿಬ್ಬಾಗುವುದು ಈ ಎರಡರ ನಡುವಿನ ಸಂದಿಯಲ್ಲಿ.

ಗಡಿಯಾರವನ್ನೇ ನೋಡಿ. ಅರುಣಾಚಲದ ಪೂರ್ವದ ಅಂಚಿನಿಂದ ಗುಜರಾತಿನ ಪಶ್ಚಿಮದ ಅಂಚಿಗೆ ಸುಮಾರು 29 ಡಿಗ್ರಿ ರೇಖಾಂಶದ ಅಂತರ. ಆ ಅಂಚಿನಲ್ಲಿ ಹುಟ್ಟಿದ ಸೂರ್ಯ ಈ ಅಂಚಿಗೆ ಬರಲು ಹೆಚ್ಚುಕಡಿಮೆ ಎರಡು ಗಂಟೆ ಹಿಡಿಯುತ್ತದೆ. ಹೀಗಿದ್ದೂ ಇಡೀ ದೇಶಕ್ಕೆ ಒಂದೇ ಸಮಯ. ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶ ಅದಕ್ಕೆ ಆಧಾರ, ಹಾಗಾಗಿಯೇ ನಮ್ಮದು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. 1906ರಲ್ಲಿ ಈ ವ್ಯವಸ್ಥೆ ಬಂದರೂ ಕಲ್ಕತ್ತೆ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ತಮ್ಮ ಹಳೆಯ ಸಮಯವನ್ನು ಬಿಟ್ಟುಕೊಡಲಿಲ್ಲ. ಮುಂಬಯಿಯ ಗಡಿಯಾರ ದೇಶದ ಗಡಿಯಾರಕ್ಕಿಂತ 39 ನಿಮಿಷ ಹಿಂದಿತ್ತು. ಅಸ್ಸಾಮಿನ ಚಹಾ ತೋಟಗಳಲ್ಲಂತೂ 'ಬಾಗಾನ್ ಸಮಯ' ಎಂಬುದು ಇಂದಿಗೂ ಚಾಲ್ತಿಯಲ್ಲಿದೆ. ಅದು ದೇಶದ ಸಮಯಕ್ಕಿಂತ ಒಂದು ಗಂಟೆ ಮುಂದೆ. ಬೇಗ ಹುಟ್ಟಿ ಬೇಗ ಮುಳುಗುವ ಸೂರ್ಯನ ಬೆಳಕು ಕೂಲಿಯವರ ದುಡಿಮೆಗೆ ಸಿಗಬೇಕಲ್ಲ!

ನಮ್ಮ ಕಡೆಯ ಮದುವೆ ಆಮಂತ್ರಣ ಸಿಕ್ಕಿದರೆ ಗಮನವಿಟ್ಟು ಓದಿ. ಮುಹೂರ್ತ 'ಬೆಳಿಗ್ಗೆ 10-35ರಿಂದ 11-20ರೊಳಗೆ ಸಲ್ಲುವ ಶುಭಲಗ್ನದಲ್ಲಿ' ಎಂದಿರುತ್ತದೆ. ಪುರೋಹಿತರು ಆ ಗಳಿಗೆ ಮೀರಲು ಬಿಡುವುದಿಲ್ಲ. ಛತ್ರದಲ್ಲಿ ಕರೆಂಟು ಹೋಗಲಿ, ಬೀಗರ ಬಸ್ಸು ಘಾಟಿಯಲ್ಲಿ ಕೆಟ್ಟು ನಿಲ್ಲಲಿ, ಮಾಂಗಲ್ಯಧಾರಣೆ ಆ ಹೊತ್ತಿನೊಳಗೇ ಆಗಬೇಕು. ಅದೇ ಪತ್ರಿಕೆಯಲ್ಲಿ ಆರತಕ್ಷತೆ 'ಸಂಜೆ 6-30ಕ್ಕೆ' ಎಂದಿರುತ್ತದೆ. ಆ ಹೊತ್ತಿಗೆ ನೀವು ಹೋದರೆ ನಿಮ್ಮನ್ನು ಸ್ವಾಗತಿಸುವವರು ಕುರ್ಚಿ ಜೋಡಿಸುವ ಹುಡುಗರು ಮಾತ್ರ. ನಮಗೆ ಸಮಯಪ್ರಜ್ಞೆ ಇಲ್ಲ ಎಂದು ಹೊರಗಿನವರು ಹಂಗಿಸುವುದನ್ನು ನಾನು ಒಪ್ಪುವುದಿಲ್ಲ. ಯಾವ ಸಮಯ ದೇವರದು, ಯಾವುದು ಮನುಷ್ಯರದು ಎಂಬ ವಿಂಗಡಣೆ ನಮ್ಮಲ್ಲಿ ಬಹಳ ಸ್ಪಷ್ಟವಾಗಿದೆ.

ಕ್ಯಾಲೆಂಡರಿನ ಕತೆಯೂ ಇದೇ. ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿ ಒಂದು ರಾಷ್ಟ್ರೀಯ ಪಂಚಾಂಗವನ್ನು ಸಿದ್ಧಪಡಿಸಿತು. 1957ರ ಮಾರ್ಚ್ 22, ಅಂದರೆ ಶಕ 1879ರ ಚೈತ್ರ 1ರಿಂದ ಅದು ಜಾರಿಯಲ್ಲಿದೆ. ಕೇಂದ್ರದ ರಾಜಪತ್ರದ ಮೇಲೆ ಆ ದಿನಾಂಕ ತಪ್ಪದೆ ಇರುತ್ತದೆ. ಇಂದು ಅದರ ಪ್ರಕಾರ ಯಾವ ತಾರೀಖು ಎಂದು ನಮ್ಮ ಶಿಕ್ಷಕರ ಕೊಠಡಿಯಲ್ಲಿ ಕೇಳಿದರೆ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ. ಮನೆಯ ಗೋಡೆಯ ಕ್ಯಾಲೆಂಡರ್ ನಡೆಸುವ ರಾಜ್ಯವೇ ಬೇರೆ. ರಾಹುಕಾಲ, ಏಕಾದಶಿ, ಅಮಾವಾಸ್ಯೆ, ಅವುಗಳ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಹಾಲು ಬಾರದ ದಿನಕ್ಕೊಂದು ಅಡ್ಡಗೆರೆ, ಗ್ಯಾಸ್ ಸಿಲಿಂಡರ್ ಜೋಡಿಸಿದ ದಿನಕ್ಕೊಂದು ಸುತ್ತು.

ಇನ್ನು ಹೆಸರು. ಇದು ನಿಮಗೆ ಈಗಾಗಲೇ ತಲೆನೋವು ಕೊಟ್ಟಿರಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಬಹುಪಾಲು ಜನರಿಗೆ ನೀವು ತಿಳಿದಿರುವ ಅರ್ಥದ ಅಡ್ಡಹೆಸರೇ ಇಲ್ಲ. ಊರು, ತಂದೆ, ಆಮೇಲೆ ತಾನು. ಮೊದಲಿನ ಎರಡನ್ನು ಅಕ್ಷರಗಳಿಗೆ ಇಳಿಸಿಬಿಡುತ್ತಾರೆ. ದೇವನಹಳ್ಳಿ ವೆಂಕಟರಮಣಯ್ಯನವರ ಮಗ ಗುಂಡಪ್ಪ ಡಿ.ವಿ.ಜಿ. ಆದದ್ದು ಹೀಗೆ. ಕೊಡಗಿಗೆ ಹೋದರೆ ಮನೆತನದ ಹೆಸರು ಮುಂದೆ ಬಂದು ಕೂರುತ್ತದೆ: ಕೊಡಂದೇರ ಮಾದಪ್ಪ ಕಾರಿಯಪ್ಪ. ಧಾರವಾಡದ ಕಡೆ ಅಡ್ಡಹೆಸರು ಇದೆ, ಆದರೆ ಹಾಜರಿ ಕೂಗಿದರೆ ಅಡುಗೆಮನೆಯ ಸಾಮಾನಿನ ಪಟ್ಟಿ ಓದಿದ ಹಾಗಿರುತ್ತದೆ: ಬೆಲ್ಲದ, ತುಪ್ಪದ, ಜೋಳದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಇವರೆಲ್ಲ ಗೌರವಾನ್ವಿತ ವಕೀಲರು, ವೈದ್ಯರು, ಶಾಸಕರು. ಯಾರೂ ನಗುವುದಿಲ್ಲ, ನೀವೂ ನಗಬೇಡಿ.

ಸಮಸ್ಯೆ ಶುರುವಾಗುವುದು ಪಾಸ್‌ಪೋರ್ಟಿನ ಅರ್ಜಿಯಲ್ಲಿ. ಇಟ್ಟ ಹೆಸರಿಗೆ ಒಂದು ಚೌಕ, ಕುಲದ ಹೆಸರಿಗೆ ಇನ್ನೊಂದು ಚೌಕ. ಇಲ್ಲದ ಕುಲನಾಮವನ್ನು ಎಲ್ಲಿಂದ ತರುವುದು? ಒಬ್ಬರು ಅಪ್ಪನ ಹೆಸರು ತುಂಬುತ್ತಾರೆ, ಇನ್ನೊಬ್ಬರು ಊರಿನ ಹೆಸರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ವಿದೇಶದಲ್ಲಿದ್ದಾನೆ. ಅಲ್ಲಿ ಬ್ಯಾಂಕಿನವರು ಅವನನ್ನು 'ಮಿಸ್ಟರ್ ತೀರ್ಥಹಳ್ಳಿ' ಎಂದು ಕರೆಯುತ್ತಾರೆ. ಇಡೀ ತಾಲ್ಲೂಕಿನ ಪರವಾಗಿ ಸಾಲ ತೀರಿಸುತ್ತಿದ್ದೇನೆ ಸರ್ ಎಂದು ಫೋನಿನಲ್ಲಿ ನಗುತ್ತಾನೆ.

ಹೆಸರಿನ ಈ ಗೋಜಲು ಒಮ್ಮೆ ದೇಶಕ್ಕೇ ಭಾರವಾಯಿತು. 1951-52ರ ಮೊದಲ ಮಹಾ ಚುನಾವಣೆಗೆ ಮತದಾರರ ಪಟ್ಟಿ ತಯಾರಿಸುವಾಗ, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಎಷ್ಟೋ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಕೊನೆಗೂ ಹೆಸರು ಹೇಳದ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ನಮ್ಮ ಕಡೆ ಹಳೆಯ ಕಾಲದ ಹೆಂಗಸರಿಗೆ ಸ್ವಂತ ಹೆಸರು ಹೇಳಲು ಸಂಕೋಚವಿಲ್ಲ, ಗಂಡನ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಅದಕ್ಕೆಂದೇ ಒಡಪು ಇದೆ. ಹೆಸರನ್ನು ಪ್ರಾಸದಲ್ಲಿ ಅಡಗಿಸಿ ಹೇಳಿದರೆ ದೋಷವಿಲ್ಲ. ಮತಗಟ್ಟೆಯಲ್ಲಿ ಅಜ್ಜಿಯೊಬ್ಬರನ್ನು ಗಂಡನ ಹೆಸರು ಕೇಳಿದರೆ ಅವರು ಬಾಗಿಲಾಚೆ ನಿಂತ ಮೊಮ್ಮಗನ ಕಡೆ ತಿರುಗಿ, "ಹೇಳೋ, ನಿನ್ನ ತಾತನ ಹೆಸರು ಕೇಳುತ್ತಿದ್ದಾರೆ" ಎನ್ನುತ್ತಾರೆ.

ಮತಗಟ್ಟೆ ಎಂದೆನಲ್ಲ. ಚುನಾವಣೆ ಬಂತೆಂದರೆ ಶಿಕ್ಷಕರಿಗೆ ಆ ಕರ್ತವ್ಯ ಕಟ್ಟಿಟ್ಟ ಬುತ್ತಿ, ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಉದ್ದ ಮಾತಾಡುತ್ತೇನೆ. ಮತ ಹಾಕಿದವರ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ರಾಜ್ಯ ಸರ್ಕಾರದ ಕಂಪನಿ ಅದನ್ನು 1962ರ ಚುನಾವಣೆಯಿಂದ ಪೂರೈಸುತ್ತಿದೆ, ಹೊರದೇಶಗಳಿಗೂ ಕಳಿಸುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗಿ ಚರ್ಮಕ್ಕೆ ಹಿಡಿದುಕೊಳ್ಳುತ್ತದೆ. ಸೋಪಿಗೆ ಜಗ್ಗುವುದಿಲ್ಲ, ಉಗುರು ಬೆಳೆದು ಕತ್ತರಿಸಿಹೋಗುವವರೆಗೂ ಉಳಿಯುತ್ತದೆ.

ಆ ಪುಟ್ಟ ಸೀಸೆಗೆ ಇರುವ ಮರ್ಯಾದೆ ನೋಡಬೇಕು. ಅದು ಮೇಜಿನ ಮೇಲೆ ಮಗುಚದಂತೆ ಬಟ್ಟಲಲ್ಲಿ ಮರಳು ತುಂಬಿ ಅದರಲ್ಲಿ ಹೂತು ನಿಲ್ಲಿಸುತ್ತೇವೆ. ಕೆಲವರು ಶಾಯಿ ಅಂಟದಿರಲೆಂದು ಬೆರಳಿಗೆ ಎಣ್ಣೆ ಸವರಿಕೊಂಡು ಬರುವುದುಂಟು, ಅಂಥವರಿಗಾಗಿ ಒರೆಸುವ ಬಟ್ಟೆ ಪಕ್ಕದಲ್ಲೇ ಇರುತ್ತದೆ. ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ ಎಳೆಯಬೇಕು. ಎಡ ತೋರುಬೆರಳು ಇಲ್ಲದಿದ್ದರೆ ಎಡಗೈಯ ಬೇರೆ ಬೆರಳಿಗೆ, ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಗೆ, ಎರಡೂ ಕೈಗಳಲ್ಲಿ ಬೆರಳಿಲ್ಲದಿದ್ದರೆ ತೋಳಿನ ತುದಿಗೆ ಎಂದು 1961ರ ಚುನಾವಣಾ ನಿಯಮಗಳು ಒಂದೊಂದಾಗಿ ಹೇಳುತ್ತವೆ. ಅಷ್ಟು ದೂರ ಯೋಚಿಸಿ ಬರೆದವರ ಬಗ್ಗೆ ನನಗೆ ನಿಜಕ್ಕೂ ಗೌರವ. ಮತದಾರರು ಮತಗಟ್ಟೆಗೆ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಾಗಬಾರದು ಎಂಬ ಸೂಚನೆಯೂ ಇದೆ. ಹೀಗಾಗಿ ಗುಜರಾತಿನ ಗಿರ್ ಕಾಡಿನೊಳಗೆ, ಸಿಂಹಗಳಿರುವ ಜಾಗದಲ್ಲಿ, ಬಾಣೇಜ್ ಎಂಬಲ್ಲಿನ ದೇವಸ್ಥಾನದ ಒಬ್ಬರೇ ಒಬ್ಬ ಮತದಾರರಿಗಾಗಿ ಮತಗಟ್ಟೆ ತೆರೆಯುತ್ತಾರೆ. 2019ರಲ್ಲಿ ಅರುಣಾಚಲದ ಮಾಲೋಗಾಮಿನ ಒಬ್ಬ ಮಹಿಳೆಗಾಗಿ ಸಿಬ್ಬಂದಿ ಯಂತ್ರ ಹೊತ್ತು ಬೆಟ್ಟ ಹತ್ತಿದರು.

ಇದು ಸರ್ಕಾರದ ಲೆಕ್ಕ. ಜನರ ಲೆಕ್ಕ ಹೀಗೆ: ಮತದಾನದ ದಿನ ಬೆಂಗಳೂರಿನ ಕೆಲವು ಹೋಟೆಲುಗಳಲ್ಲಿ ಶಾಯಿಯ ಬೆರಳು ತೋರಿಸಿದವರಿಗೆ ಬೆಣ್ಣೆ ದೋಸೆ ಉಚಿತ.

ಬೆಂಗಳೂರಿಗೆ ಬಂದರೆ ವಿಳಾಸ ಹುಡುಕುವಾಗ ನಕ್ಷೆಯನ್ನು ಪೂರ್ತಿ ನಂಬಬೇಡಿ. ಊರಿನ ದೊಡ್ಡ ಬಸ್ ನಿಲ್ದಾಣದ ಹೆಸರು ಕೆಂಪೇಗೌಡ ಬಸ್ ನಿಲ್ದಾಣ. ಆಟೋ ಚಾಲಕರಿಗೆ, ಕಂಡಕ್ಟರಿಗೆ, ಹಳ್ಳಿಯಿಂದ ಬರುವ ಪ್ರತಿಯೊಬ್ಬರಿಗೂ ಅದು ಮೆಜೆಸ್ಟಿಕ್. ಮೆಜೆಸ್ಟಿಕ್ ಎಂಬುದು ಅಲ್ಲಿದ್ದ ಒಂದು ಸಿನಿಮಾ ಮಂದಿರ. ಅದು ಈಗ ಇಲ್ಲ, ಹೆಸರು ಮಾತ್ರ ಇಡೀ ಬಡಾವಣೆಯನ್ನು ಆಳುತ್ತಿದೆ. ಮೆಟ್ರೋದವರು ಕೂಡ ಕೊನೆಗೆ ನಾಡಪ್ರಭು ಕೆಂಪೇಗೌಡರ ಹೆಸರಿನ ಜೊತೆಗೆ ಮೆಜೆಸ್ಟಿಕ್ ಎಂದು ಸೇರಿಸಿಕೊಂಡಿದ್ದಾರೆ.

ದುಡ್ಡಿನ ವಿಚಾರ. ನಮ್ಮ ನೋಟಿನ ಮೇಲೆ 17 ಭಾಷೆಗಳಿವೆ. ಹಿಂಬದಿಯಲ್ಲಿ ಒಂದರ ಕೆಳಗೊಂದು ಹದಿನೈದು, ಅದರಲ್ಲಿ ಕನ್ನಡ ಮೇಲಿನಿಂದ ನಾಲ್ಕನೆಯದು. ಇಂಗ್ಲಿಷಿನ ಅಕಾರಾದಿ ಕ್ರಮ ಅದು, ಹೆಮ್ಮೆಪಡುವಂಥದ್ದೇನೂ ಇಲ್ಲ. ಉಳಿದ ನೋಟುಗಳಿಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ ಹಾಕಿ, ಇಷ್ಟು ರೂಪಾಯಿ ಕೊಡುತ್ತೇನೆಂದು ವಚನ ಕೊಡುತ್ತಾರೆ. ಒಂದು ರೂಪಾಯಿಯ ನೋಟಿನಲ್ಲಿ ಆ ವಚನವೇ ಇಲ್ಲ. ಅದನ್ನು ಹೊರಡಿಸುವುದು ಭಾರತ ಸರ್ಕಾರ, ಸಹಿ ಹಣಕಾಸು ಕಾರ್ಯದರ್ಶಿಯದು, ಮತ್ತು ಕಾನೂನಿನ ಕಣ್ಣಿನಲ್ಲಿ ಆ ಕಾಗದ ಒಂದು ನಾಣ್ಯ! 1994ರಲ್ಲಿ ಮುದ್ರಣ ನಿಲ್ಲಿಸಿ 2015ರಲ್ಲಿ ಮತ್ತೆ ಶುರು ಮಾಡಿದರು.

ಒಂದು ರೂಪಾಯಿಗೆ ಅಂಗಡಿಯಲ್ಲಿ ಏನು ಸಿಗುತ್ತದೆ ಎಂದು ಕೇಳಬಹುದು. ಒಂದು ಚಾಕೊಲೇಟು ಸಿಗುತ್ತದೆ, ಅದೂ ಚಿಲ್ಲರೆ ಇಲ್ಲದಿದ್ದಾಗ ಅಂಗಡಿಯವರೇ ಒತ್ತಾಯದಿಂದ ಕೊಟ್ಟರೆ. ಅದರ ನಿಜವಾದ ಬೆಲೆ ತಿಳಿಯುವುದು ಮುಯ್ಯಿ ಮಾಡುವಾಗ. 500 ಕೊಟ್ಟರೆ ಲೆಕ್ಕ ಮುಗಿದಂತೆ, 501 ಕೊಟ್ಟರೆ ಬಾಂಧವ್ಯ ಮುಂದುವರಿದಂತೆ. ಇದಕ್ಕಾಗಿಯೇ ಹೊರಭಾಗದಲ್ಲಿ ಒಂದು ರೂಪಾಯಿಯ ನಾಣ್ಯ ಅಂಟಿಸಿದ ಲಕೋಟೆಗಳು ಮಾರಾಟಕ್ಕಿವೆ. ಹಳ್ಳಿಯ ಮದುವೆಗಳಲ್ಲಿ ಹತ್ತಿರದ ನಂಟರೊಬ್ಬರು ಪುಸ್ತಕ ಹಿಡಿದು ಕೂತು, ಯಾರು ಎಷ್ಟು ಹಾಕಿದರು ಎಂದು ಬರೆದುಕೊಳ್ಳುತ್ತಾರೆ. ಮುಂದೆ ಅವರ ಮನೆಯ ಮದುವೆಗೆ ಹೊರಡುವ ಮುನ್ನ ಆ ಪುಸ್ತಕ ಅಟ್ಟದಿಂದ ಇಳಿಯುತ್ತದೆ. ಅವರು ಹಾಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಹಾಕಬೇಕು, ಕಡಿಮೆಯಂತೂ ಕೂಡದು. ಯಾವ ಬ್ಯಾಂಕೂ ನಮ್ಮ ಅತ್ತೆಯಷ್ಟು ಕಟ್ಟುನಿಟ್ಟಾಗಿ ವಸೂಲಿ ಲೆಕ್ಕ ಇಟ್ಟದ್ದನ್ನು ನಾನು ನೋಡಿಲ್ಲ.

ಹತ್ತು ರೂಪಾಯಿಯ ನಾಣ್ಯದ ಬಗ್ಗೆ ಒಂದು ಎಚ್ಚರಿಕೆ. ಕೆಲವು ಊರುಗಳಲ್ಲಿ ಅದು ಓಡುತ್ತದೆ, ಪಕ್ಕದ ಊರಲ್ಲಿ "ಇದು ನಡೆಯುವುದಿಲ್ಲ ಸ್ವಾಮಿ" ಎಂದು ವಾಪಸು ಕೊಡುತ್ತಾರೆ. 14 ವಿನ್ಯಾಸಗಳ ನಾಣ್ಯಗಳೂ ಊರ್ಜಿತ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಪ್ರಕಟಣೆ ಹೊರಡಿಸಿತು. ಸಂತೆಯಲ್ಲಿ ಸೊಪ್ಪು ಮಾರುವವರ ಮುಂದೆ ಆ ಪ್ರಕಟಣೆ ಓದಿ ಪ್ರಯೋಜನವಿಲ್ಲ. ಪುಣ್ಯಕ್ಕೆ ಅವರ ಗೋಣಿಯ ಮೇಲೂ ಈಗ ಕ್ಯೂಆರ್ ಕೋಡಿನ ರಟ್ಟು ಇರುತ್ತದೆ.

ಈ ಎರಡು ಲೆಕ್ಕಗಳ ನಡುವೆ ಮನುಷ್ಯರೇ ಸಿಕ್ಕಿಬಿದ್ದ ಉದಾಹರಣೆಯೂ ಇದೆ. ಭಾರತ ಮತ್ತು ಬಾಂಗ್ಲಾದೇಶದ ಗಡಿಯಲ್ಲಿ, ಕೂಚ್ ಬಿಹಾರದ ಸುತ್ತಮುತ್ತ, ಒಂದು ದೇಶದ ತುಂಡು ನೆಲ ಇನ್ನೊಂದು ದೇಶದೊಳಗೆ ಇತ್ತು. ದಹಾಲಾ ಖಾಗ್ರಾಬಾರಿ ಎಂಬ ಒಂದು ಹೊಲವಂತೂ ಬಾಂಗ್ಲಾದೇಶದೊಳಗಿನ ಭಾರತದೊಳಗಿನ ಬಾಂಗ್ಲಾದೇಶದೊಳಗಿನ ಭಾರತ. ತಪ್ಪು ಮುದ್ರಣವಲ್ಲ, ಇನ್ನೊಮ್ಮೆ ಓದಿ. ಅಂಥ ತುಂಡುಗಳಲ್ಲಿದ್ದವರಿಗೆ ಶಾಲೆ, ಆಸ್ಪತ್ರೆ, ಗುರುತಿನ ಚೀಟಿ ಯಾವುದೂ ನೆಟ್ಟಗಿರಲಿಲ್ಲ. ಹೆರಿಗೆಗೆ ಭಾರತದ ಆಸ್ಪತ್ರೆ ಸೇರಲು ಹೆಂಗಸರು ಗಂಡನ ಜಾಗದಲ್ಲಿ ಭಾರತದವನೊಬ್ಬನ ಹೆಸರು ಬರೆಸಬೇಕಾಗುತ್ತಿತ್ತು. 2015ರ ಜುಲೈ 31ರ ಮಧ್ಯರಾತ್ರಿ ಭಾರತದ 111 ತುಂಡುಗಳು ಬಾಂಗ್ಲಾದೇಶಕ್ಕೆ, ಅವರ 51 ತುಂಡುಗಳು ನಮಗೆ ಸೇರಿದವು. ನನ್ನ ತರಗತಿಯಲ್ಲಿ ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಸರ್ಕಾರದ ಲೆಕ್ಕದಲ್ಲಿ ಇಲ್ಲದ್ದನ್ನು ಜನರೇ ಇದೆ ಎಂದು ನಂಬಿರುವುದು. ಹಿಂದಿ ರಾಷ್ಟ್ರಭಾಷೆ ಎಂದು ನಿಮಗೆ ಯಾರಾದರೂ ಹೇಳಿದರೆ ತಲೆಯಾಡಿಸಬೇಡಿ. ಸಂವಿಧಾನದಲ್ಲಿ ಅದು ಕೇಂದ್ರದ ಆಡಳಿತ ಭಾಷೆ. ರಾಷ್ಟ್ರಭಾಷೆ ಎಂದು ಯಾವುದನ್ನೂ ಹೆಸರಿಸಿಲ್ಲ, ಎಂಟನೆಯ ಅನುಸೂಚಿಯಲ್ಲಿ 22 ಭಾಷೆಗಳಿವೆ. ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂದು ನಾವೆಲ್ಲ ಬಾಯಿಪಾಠ ಮಾಡಿ ಬೆಳೆದವರು. 2012ರಲ್ಲಿ ಶಾಲಾ ಬಾಲಕಿಯೊಬ್ಬಳು ಮಾಹಿತಿ ಹಕ್ಕಿನಡಿ ಕೇಳಿದಾಗ, ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿಲ್ಲ ಎಂದು ಕ್ರೀಡಾ ಸಚಿವಾಲಯ ಉತ್ತರ ಕೊಟ್ಟಿತು. ಇದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ರಸಪ್ರಶ್ನೆ ಸ್ಪರ್ಧೆಗೆ ಹೋದ ಮಕ್ಕಳು ಮಾತ್ರ ಹಾಕಿ ಎಂದೇ ಹೇಳಿ ಅಂಕ ಗಿಟ್ಟಿಸಿಕೊಂಡು ಬರುತ್ತಾರೆ.