49 ದಿನಕ್ಕೆ ಡ್ರಿಪ್ ಕಂಟ್ರೋಲರ್ ತಪ್ಪುವುದೇಕೆ?

ತಿಕೋಟಾದ ನಿಮ್ಮ ದ್ರಾಕ್ಷಿ ತೋಟದ ಡ್ರಿಪ್ ಕಂಟ್ರೋಲರ್ ಒಂದೂವರೆ ತಿಂಗಳು ಸರಿಯಾಗಿ ನಡೆದು, ಆಮೇಲೆ ವಾಲ್ವ್ ಸುಮ್ನೆ ತೆರೆದು ಮುಚ್ಚಿ ಮಾಡುತ್ತಿದೆ, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಎಂದು ಕೇಳಿದ್ದೀರಿ. ಬೋರ್ಡ್ ಬದಲಿಸಬೇಡಿ. ನನಗೆ ಅನುಮಾನ ಇರುವುದು ಕೋಡ್ ಮೇಲೆ.

ಆರ್ಡುಯಿನೋ ಅಂದರೆ ಕಂಟ್ರೋಲರ್ ಒಳಗಿನ ಪುಟ್ಟ ಕಂಪ್ಯೂಟರ್ ಬೋರ್ಡ್. ಅದರ ಮಿಲಿಸ್() ಎಂಬ ಫಂಕ್ಷನ್ ಬೋರ್ಡ್ ಆನ್ ಆದಾಗಿನಿಂದ ಮಿಲಿಸೆಕೆಂಡ್ ಎಣಿಸುತ್ತದೆ. ಅದು 32 ಬಿಟ್ ಸಂಖ್ಯೆ. 4294967295 ತಲುಪಿದ ಮೇಲೆ ಮತ್ತೆ 0. ಹಳೇ ಗಾಡಿಯ ಮೀಟರ್ 99999 ದಾಟಿದ ಹಾಗೆ. ಇದಕ್ಕೆ ಹಿಡಿಯುವುದು 49 ದಿನ 17 ಗಂಟೆ. ನೀವು ಹಾಕಿದ ಕೋಡ್ ಸಾಲಿನಲ್ಲಿ 'ಮಿಲಿಸ್() > ಕಳೆದಸಲ + ಅಂತರ' ಎಂದಿದೆ. 'ಕಳೆದಸಲ' ಅಂದರೆ ಹಿಂದಿನ ಸಲ ವಾಲ್ವ್ ಬದಲಾದಾಗಿನ ಎಣಿಕೆ, 'ಅಂತರ' ಅಂದರೆ ಮುಂದಿನ ಸಲಕ್ಕೆ ಕಾಯಬೇಕಾದ ಸಮಯ. ಕೊನೆಯ ಗಂಟೆಗಳಲ್ಲಿ ಆ ಕೂಡಿಕೆ ಉಕ್ಕಿ ಚಿಕ್ಕ ಸಂಖ್ಯೆ ಆಗುತ್ತದೆ. ಆಗ ಷರತ್ತು ಪ್ರತಿ ಸಲವೂ ನಿಜ, ಅಂತರ ಕಾಯದೆ ವಾಲ್ವ್ ತೆರೆದು ಮುಚ್ಚುತ್ತದೆ!

ಹೀಗೆ ಬರೆಯಿರಿ: 'ಮಿಲಿಸ್() - ಕಳೆದಸಲ >= ಅಂತರ'. ಕಳೆಯುವಾಗ ಮೀಟರ್ ಸುತ್ತಿದ್ದರೂ ವ್ಯತ್ಯಾಸ ಸರಿಯೇ ಬರುತ್ತದೆ. ಎರಡೂ ವೇರಿಯಬಲ್ ಅನ್‌ಸೈನ್ಡ್ ಲಾಂಗ್ (ಮೈನಸ್ ಇಲ್ಲದ 32 ಬಿಟ್ ಸಂಖ್ಯೆ) ಇರಲೇಬೇಕು. ಊನೋ ಎಂಬ ಆರ್ಡುಯಿನೋ ಬೋರ್ಡಿನಲ್ಲಿ ಇಂಟ್ (ಚಿಕ್ಕ, 16 ಬಿಟ್ ಸಂಖ್ಯೆ) ಹಾಕಿದರೆ 32767ಕ್ಕೇ ಮುಗಿಯಿತು, ಅಂದರೆ ಅರ್ಧ ನಿಮಿಷ.

ಬ್ಯಾಟರಿ ಬ್ಯಾಕಪ್ ಹಾಕಿದ ಮೇಲೆ ಶುರುವಾಯಿತು ಅಂದಿರಿ, ಅಲ್ವಾ? ಮೊದಲು ಕರೆಂಟ್ ಹೋದಾಗಲೆಲ್ಲ ಎಣಿಕೆ 0ಯಿಂದ ಶುರುವಾಗುತ್ತಿತ್ತು. ಹಾಗಾಗಿ ಬಗ್ ಕಾಣಲೇ ಇಲ್ಲ.

ಪರೀಕ್ಷೆಗೆ 49 ದಿನ ಕಾಯಬೇಡಿ. ಮಿಲಿಸ್() ಜಾಗದಲ್ಲಿ 'ಮಿಲಿಸ್() + 4294900000' ಕೊಡುವ ಸಣ್ಣ ಫಂಕ್ಷನ್ ಇಡಿ, ಅಂತರ 20 ಸೆಕೆಂಡ್ ಮಾಡಿ. 67 ಸೆಕೆಂಡಿಗೆ ಎಣಿಕೆ ಸುತ್ತುತ್ತದೆ. ಹಳೇ ಕೋಡ್, ಹೊಸ ಕೋಡ್ ಎರಡನ್ನೂ ಓಡಿಸಿ ನೋಡಿ.

ಸರಿಹೋದರೆ ಆ ತಿದ್ದುಪಡಿಯನ್ನು ಈ ಕೋಡ್ ಬಂದ ಮೂಲ ಪ್ರಾಜೆಕ್ಟಿಗೂ ದಯವಿಟ್ಟು ಕಳಿಸಿ. ಅದೇ ಫರ್ಮ್‌ವೇರ್ (ಬೋರ್ಡಿನ ಕೋಡ್) ಹಾಕಿಕೊಂಡ ಬೇರೆ ರೈತರ ನೀರೂ ಉಳಿಯುತ್ತದೆ.